ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಏರುತ್ತದೆ: ಫ್ಯಾನ್ ಮೋಟಾರ್ ಹೋಗಿದೆಯಾ?

ಸಂಜೆ ಸವಾರಿ

ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ರೇಡಿಯೇಟರ್ ಹಿಂದೆ ಒಂದೇ ಎಲೆಕ್ಟ್ರಿಕ್ ಫ್ಯಾನ್ ಇದೆ. ಈಚೆಗೆ ಟ್ರಾಫಿಕ್‌ನಲ್ಲಿ ಸ್ವಲ್ಪ ನಿಂತರೂ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತದೆ. ಅದೇ ಹೊತ್ತಿಗೆ ಎಸಿ ಗಾಳಿಯೂ ಬೆಚ್ಚಗಾಗುತ್ತದೆ. ಗಾಡಿ ಓಡಿಸಿದರೆ ಎರಡೂ ಸರಿಹೋಗುತ್ತವೆ. ಬಾನೆಟ್ ಎತ್ತಿ ನೋಡಿದರೆ ಫ್ಯಾನ್ ನಿಂತೇ ಇರುತ್ತದೆ. ಒಮ್ಮೊಮ್ಮೆ ಮಾತ್ರ ಮನಸ್ಸು ಬಂದ ಹಾಗೆ ತಿರುಗುತ್ತದೆ.

ಗ್ಯಾರೇಜಿನಲ್ಲಿ ತೋರಿಸಿದೆ. ಬಗ್ಗಿ ನೋಡಿ, "ಫ್ಯಾನ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು" ಅಂದರು. ಮೀಟರ್ ಹಚ್ಚಿ ಏನನ್ನೂ ಅಳೆಯಲಿಲ್ಲ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಬಳಸಲೂ ಬರುತ್ತದೆ. ಮೋಟಾರೇ ಹೋಗಿದೆಯಾ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಹಳೇ ಗಾಡಿ

ನಿಂತಾಗ ಬಿಸಿ, ಓಡುವಾಗ ತಣ್ಣಗೆ. ಇದು ಫ್ಯಾನ್ ಕಡೆಗೇ ಕೈ ತೋರಿಸುತ್ತದೆ. ಓಡುವಾಗ ಎದುರುಗಾಳಿಯೇ ರೇಡಿಯೇಟರ್‌ಗೆ ಸಾಕು, ಫ್ಯಾನ್ ಇದ್ದರೂ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಹೈವೇಯಲ್ಲೂ ಏರಿದ್ದರೆ ನಾನು ಫ್ಯಾನ್ ಬಿಟ್ಟು ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ಇವನ್ನೆಲ್ಲ ಹುಡುಕುತ್ತಿದ್ದೆ. ಎಸಿ ಬೆಚ್ಚಗಾಗುವುದೂ ಅದೇ ಕಥೆ. ಎಸಿ ಕಂಡೆನ್ಸರ್ (ಎಸಿ ಗ್ಯಾಸನ್ನು ತಣಿಸುವ ಜಾಲರಿ) ರೇಡಿಯೇಟರ್ ಮುಂದೆಯೇ ಕೂತಿರುತ್ತದೆ, ಅದಕ್ಕೂ ಗಾಳಿ ಎಳೆಯುವುದು ಇದೇ ಫ್ಯಾನ್.

ಮೊದಲು ಕೂಲೆಂಟ್ ಮಟ್ಟ ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ಕೂಲೆಂಟ್ ಕಡಿಮೆಯಾಗಿ ಟೆಂಪರೇಚರ್ ಸೆನ್ಸರ್ ಇರುವ ಜಾಗದಲ್ಲಿ ಗಾಳಿ ಸೇರಿಕೊಂಡರೆ ಸೆನ್ಸರ್‌ಗೆ ಬಿಸಿ ನೀರು ತಾಗುವುದೇ ಇಲ್ಲ. ಎಂಜಿನ್ ಕಾದಿದ್ದರೂ ಫ್ಯಾನ್‌ಗೆ ಅಪ್ಪಣೆ ಹೋಗುವುದಿಲ್ಲ. ಜನ ಮೋಟಾರ್ ಬದಲಿಸುತ್ತಾರೆ, ತೊಂದರೆ ಹಾಗೇ ಉಳಿಯುತ್ತದೆ.

ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ಅರ್ಧ ನೀರು ಅರ್ಧ ಕೂಲೆಂಟ್ ಮಿಶ್ರಣ ಒತ್ತಡ ಇಲ್ಲದಿದ್ದರೆ ಸುಮಾರು 106 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ಒತ್ತಡದಲ್ಲಿ 125 ದಾಟಿದರೂ ಕುದಿಯದೆ ಇರುತ್ತದೆ. ತೆಗೆದ ಕ್ಷಣ ಒತ್ತಡ ಹೋಗಿ ಇಡೀ ನೀರು ಒಟ್ಟಿಗೆ ಕುದ್ದು ಮುಖಕ್ಕೆ ಹಾರುತ್ತದೆ.

ಸ್ಪ್ಯಾನರ್ ಹತ್ತು

ಎಸಿ ಆನ್ ಮಾಡಿದರೆ ಫ್ಯಾನ್ ಬರುತ್ತದಾ? ಮುಕ್ಕಾಲು ಪಾಲು ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ, ಇಲ್ಲವೇ ಗ್ಯಾಸಿನ ಒತ್ತಡ ಒಂದು ಮಟ್ಟಕ್ಕೆ ಬಂದ ಮೇಲೆ, ಫ್ಯಾನ್ ತಿರುಗಲೇಬೇಕು. ಎಂಜಿನ್ ಬಿಸಿಯಾಗುವ ತನಕ ಕಾಯುವ ಗೋಜಿಲ್ಲದ ಪರೀಕ್ಷೆ.

ಸಂಜೆ ಸವಾರಿ

ಕೂಲೆಂಟ್ ಮ್ಯಾಕ್ಸ್ ಗೆರೆಯ ಹತ್ತಿರವೇ ಇದೆ. ಎಸಿ ಹಾಕಿದರೆ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್) ಟಿಕ್ ಅನ್ನುವುದು ಕೇಳುತ್ತದೆ, ಫ್ಯಾನ್ ಬರುವುದಿಲ್ಲ. ಅದೇ ಸೈಜಿನ ಹಾರ್ನ್ ರಿಲೇ ಅಲ್ಲಿಗೆ ಹಾಕಿ ನೋಡಿದೆ, ಹಾಗೇ. ಫ್ಯೂಸ್ 30 ಆಂಪಿಯರ್‌ನದು, ಸುಟ್ಟಿಲ್ಲ.

ವೈರಿಂಗ್ ಮರುಳ

ಸರ್, ಟಿಕ್ ಅಂದಿದ್ದು ಒಳ್ಳೆಯ ಸುದ್ದಿ. ಈ ಸರ್ಕ್ಯೂಟನ್ನು ಎರಡು ಭಾಗ ಮಾಡಿ ನೋಡಿ. ಒಂದು ಅಪ್ಪಣೆಯ ಭಾಗ: ಸೆನ್ಸರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ರಿಲೇಯನ್ನು ಎಳೆಯುವ ಕಾಯಿಲ್. ಇನ್ನೊಂದು ಕರೆಂಟಿನ ಭಾಗ: ಬ್ಯಾಟರಿ, ಫ್ಯೂಸ್, ರಿಲೇ ಒಳಗೆ ಕರೆಂಟ್ ಹಾಯುವ ಕಾಂಟ್ಯಾಕ್ಟ್, ಮೋಟಾರ್, ಅರ್ಥ್ (ಬ್ಯಾಟರಿ ಮೈನಸ್‌ಗೆ ವಾಪಸ್ ದಾರಿ). ಟಿಕ್ ಕೇಳಿಸಿತು ಅಂದರೆ ಅಪ್ಪಣೆ ರಿಲೇ ತನಕ ಬಂದಿದೆ. ಸೆನ್ಸರ್, ಇಸಿಯು ಸದ್ಯಕ್ಕೆ ಮರೆತುಬಿಡಿ. ಸ್ಕ್ಯಾನರ್ (ಇಸಿಯುನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ) ಹಾಕಿ ಕೋಡ್ ಬಂದಿಲ್ಲ ಅಂತಲೂ ನಂಬಿ ಕೂರಬೇಡಿ. ಪಿ0480 ಕೋಡ್ ಇರುವುದು ಫ್ಯಾನ್ ಕಂಟ್ರೋಲ್ ಸರ್ಕ್ಯೂಟಿಗೆ. ರಿಲೇ ಇರುವ ಕಾರುಗಳಲ್ಲಿ ಇಸಿಯು ಸಾಮಾನ್ಯವಾಗಿ ಕಾಯಿಲ್ ಕಡೆಯನ್ನಷ್ಟೇ ನೋಡುತ್ತಿರುತ್ತದೆ. ಆಚೆ ವೈರ್ ಸುಟ್ಟು ಕರಕಲಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಮೋಟಾರ್ ಕನೆಕ್ಟರ್ ಬಿಚ್ಚಿ. 30 ಆಂಪಿಯರ್ ಫ್ಯೂಸ್ ಇರುವ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ ಕೊಡಿ. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ, ನೋಡಿಕೊಂಡು ಕೊಡಿ. ರೆಕ್ಕೆಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ತೆಗೆದಿರಿ. ಕೀಲಿ ಜೇಬಿನಲ್ಲಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ಶುರುವಾಗುತ್ತದೆ.

ಬೇಸಿಗೆ ಕಾರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೋಟಾರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ ತಿರುಗಲು ಶುರುವಾದರೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿದೆ ಅಂತ. ನನ್ನ ಹಿಂದಿನ ಕಾರಿನಲ್ಲಿ ಅದೇ ಆಗಿತ್ತು. "ಮನಸ್ಸು ಬಂದಾಗ ತಿರುಗುತ್ತದೆ" ಅನ್ನುವುದು ಬ್ರಷ್ ಲಕ್ಷಣವೇ.

ಸಂಜೆ ಸವಾರಿ

ತಟ್ಟಿದೆ, ಏನೂ ಆಗಲಿಲ್ಲ. ರೆಕ್ಕೆ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ, ಅಲ್ಲಾಟ ಇಲ್ಲ. ಬ್ಯಾಟರಿಯಿಂದ ನೇರ ಕೊಟ್ಟಾಗ ಜೋರಾಗಿ ತಿರುಗಿತು. ಗ್ರಿಲ್ ಮುಂದೆ ಹಾಳೆ ಹಿಡಿದರೆ ಅಂಟಿಕೊಳ್ಳುವಷ್ಟು ಗಾಳಿ ಎಳೆಯುತ್ತದೆ. ಹಾಗಾದರೆ ಮೋಟಾರ್ ಚೆನ್ನಾಗಿದೆ ಅಂತಲೇ ಅಲ್ವಾ?

ಆದರೆ ಇನ್ನೊಂದು ವಿಚಿತ್ರ. ಎಸಿ ಆನ್ ಮಾಡಿ, ಬಿಚ್ಚಿದ ಕನೆಕ್ಟರ್‌ನ ಎರಡು ಪಿನ್ ಮಧ್ಯೆ ಮೀಟರ್ ಇಟ್ಟರೆ ಬ್ಯಾಟರಿಯಲ್ಲಿ ಇರುವಷ್ಟೇ ವೋಲ್ಟೇಜ್ ತೋರಿಸುತ್ತಿದೆ. ವೋಲ್ಟೇಜ್ ಬರುತ್ತಿದೆ, ಮೋಟಾರ್ ಸರಿ ಇದೆ, ಜೋಡಿಸಿದರೆ ತಿರುಗುವುದಿಲ್ಲ. ತಲೆ ಕೆಟ್ಟುಹೋಯಿತು.

ಸ್ಪ್ಯಾನರ್ ಹತ್ತು

ಲೋ ಸ್ಪೀಡ್ ರೆಸಿಸ್ಟರ್ ಹೋಗಿರಬೇಕು ಗುರು. ಎರಡು ಸ್ಪೀಡ್ ಫ್ಯಾನ್ ಆಗಿದ್ದರೆ ಮೊದಲ ಸ್ಪೀಡಿಗೆ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಅದು ಫ್ಯಾನ್ ಚೌಕಟ್ಟಿನ ಮೇಲೆಯೇ ಇರುತ್ತದೆ. ಸುಟ್ಟರೆ ಲೋ ಸ್ಪೀಡ್ ಸತ್ತುಹೋಗುತ್ತದೆ, ನೀರು 100 ದಾಟಿದ ಮೇಲೆ ಹೈ ಸ್ಪೀಡ್ ಮಾತ್ರ ಒಮ್ಮೆಲೇ ಭೋರ್ ಅಂತ ಬರುತ್ತದೆ.

ವೈರಿಂಗ್ ಮರುಳ

ಸ್ಪ್ಯಾನರ್ ಹೇಳಿದ ಲಕ್ಷಣ ಸರಿ, ಆದರೆ ಇಲ್ಲಿ ಹೊಂದುವುದಿಲ್ಲ. ಒಂದೇ ರಿಲೇ, ಮೋಟಾರಿಗೆ ಎರಡೇ ವೈರ್ ಇದ್ದ ಹಾಗಿದೆ. ಸಂಜೆ ಸವಾರಿಯವರು ಹೌದೋ ಅಲ್ಲವೋ ಹೇಳಲಿ. ರೆಸಿಸ್ಟರ್ ಪೂರ್ತಿ ಸುಟ್ಟಿದ್ದರೆ ಕನೆಕ್ಟರ್‌ನಲ್ಲಿ ವೋಲ್ಟೇಜೂ ಕಾಣುತ್ತಿರಲಿಲ್ಲ.

ಇನ್ನು ಆ ವಿಚಿತ್ರದ ಬಗ್ಗೆ. ಈ ಥ್ರೆಡ್‌ನಲ್ಲಿ ಎಲ್ಲಕ್ಕಿಂತ ಉಪಯೋಗದ ಅಳತೆ ಅದೇ. ಅದನ್ನು ಓದುವುದು ಹೇಗೆ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಫ್ಯಾನ್ ಮೋಟಾರ್ 10 ರಿಂದ 20 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ವೈರಿನ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಸಾಕು, ಬ್ಯಾಟರಿಯ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅದೇ ದಾರಿಯಲ್ಲಿ ಮೋಟಾರ್ ಕರೆಂಟ್ ಕೇಳಿದರೆ ವೋಲ್ಟೇಜೆಲ್ಲ ಆ ಕೆಟ್ಟ ಜಾಗದಲ್ಲೇ ಕರಗಿಹೋಗುತ್ತದೆ. ಸಣ್ಣ ತೂತಿನ ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದರೆ ಹನಿ ಮಾತ್ರ ಬೀಳುತ್ತದೆ, ಹಾಗೆ. ಆದ್ದರಿಂದ ಕನೆಕ್ಟರ್ ಬಿಚ್ಚಿ ಅಳೆದ 12 ವೋಲ್ಟ್ ಯಾವುದಕ್ಕೂ ಸಾಕ್ಷಿ ಅಲ್ಲ. ಲೋಡ್ ಹಾಕಿ, ಅಂದರೆ ಮೋಟಾರ್ ಕರೆಂಟ್ ಎಳೆಯುತ್ತಿರುವಾಗಲೇ, ಅಳೆಯಬೇಕು.

ಹೀಗೆ ಮಾಡಿ. ಎಂಜಿನ್ ಆಫ್. ರಿಲೇ ತೆಗೆದು, ಅದರ ಸಾಕೆಟ್‌ನ 30 ಮತ್ತು 87 ಪಿನ್ ಜಾಗವನ್ನು ಫ್ಯೂಸ್ ಇರುವ ದಪ್ಪ ವೈರಿನಿಂದ ಸೇರಿಸಿ. ರಿಲೇಯ ಕೆಳಗೆ ನಂಬರ್ ಅಚ್ಚಾಗಿರುತ್ತದೆ. 85, 86 ಕಾಯಿಲ್‌ನವು, ಅವನ್ನು ಮುಟ್ಟಬೇಡಿ. ಈಗ ಮೋಟಾರ್ ಕನೆಕ್ಟರ್ ಜೋಡಿಸಿಯೇ ಇರಲಿ. ಅದರ ಹಿಂಬದಿಯಿಂದ, ವೈರ್ ಒಳಗೆ ಹೋಗುವ ಸಂದಿಯಲ್ಲಿ, ತೆಳ್ಳಗಿನ ಪಿನ್ ತೂರಿಸಿ ಅಳೆಯಿರಿ. ಮೂರು ಅಳತೆ ಬೇಕು. ಮೋಟಾರಿನ ಎರಡು ವೈರ್ ಮಧ್ಯೆ ಎಷ್ಟು? ಬ್ಯಾಟರಿ ಪ್ಲಸ್‌ನಿಂದ ಮೋಟಾರಿನ ಪ್ಲಸ್ ವೈರಿಗೆ ಎಷ್ಟು? ಮೋಟಾರಿನ ಮೈನಸ್ ವೈರಿನಿಂದ ಬ್ಯಾಟರಿ ಮೈನಸ್‌ಗೆ ಎಷ್ಟು? ಕೊನೆಯ ಎರಡೂ ಸೊನ್ನೆಯ ಹತ್ತಿರ ಇರಬೇಕು. ಅರ್ಥ್ ಕಡೆ 0.2, ಪ್ಲಸ್ ಕಡೆ 0.5 ವೋಲ್ಟ್ ತನಕ ನಾನು ಬಿಡುತ್ತೇನೆ.

ನಿಧಾನ ಚಾಲಕ

ಇಷ್ಟೆಲ್ಲ ಯಾಕೆ? ನಾನು ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ವಿಚ್ ಹಾಕಿಸಿ, ಫ್ಯಾನ್‌ಗೆ ನೇರ ಲೈನ್ ಕೊಡಿಸಿದ್ದೇನೆ. ಟ್ರಾಫಿಕ್ ಬಂತು, ಆನ್ ಮಾಡಿದೆ. ಆರಾಮ.

ಹಳೇ ಗಾಡಿ

ನಿಮಗೆ ಆರಾಮ. ಮನೆಯವರು ಯಾರಾದರೂ ಓಡಿಸಿದ ದಿನ? ಸ್ವಿಚ್ ಹಾಕುವುದು ಮರೆತರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಆಫ್ ಮಾಡುವುದು ಮರೆತರೆ ಬ್ಯಾಟರಿ ಹೋಗುತ್ತದೆ. ಅಷ್ಟು ಕರೆಂಟನ್ನು ರಿಲೇ ಇಲ್ಲದೆ ಸಣ್ಣ ಸ್ವಿಚ್ ಮೂಲಕ ಹಾಯಿಸಿದ್ದರೆ ಅದು ಕರಗುತ್ತದೆ. ದಯವಿಟ್ಟು ತೆಗೆಸಿ.

ಎರಡು ರೆಕ್ಕೆ

ನನ್ನದೂ ಇದೇ ಜಾತಿಯ ತೊಂದರೆ, ಆದರೆ ನನ್ನ ಕಾರಿನಲ್ಲಿ ಎರಡು ಫ್ಯಾನ್ ಇವೆ. ಎಸಿ ಹಾಕಿದರೆ ಎರಡೂ ನಿಂತಿರುತ್ತವೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಒಂದು ಮಾತ್ರ ಜೋರಾಗಿ ತಿರುಗುತ್ತದೆ. ಎರಡೂ ಒಟ್ಟಿಗೆ ಹೇಗೆ ಕೆಡುತ್ತವೆ?

ವೈರಿಂಗ್ ಮರುಳ

ಎರಡೂ ಕೆಟ್ಟಿಲ್ಲ ಮೇಡಂ, ಒಂದೇ ಕೆಟ್ಟಿದೆ. ಎರಡು ಫ್ಯಾನ್, ಮೂರು ರಿಲೇ ಇರುವ ಕಾರುಗಳಲ್ಲಿ ಲೋ ಸ್ಪೀಡಿಗೆ ಎರಡು ಮೋಟಾರನ್ನೂ ಸೀರೀಸ್‌ನಲ್ಲಿ ಜೋಡಿಸುತ್ತಾರೆ. ಒಂದರಿಂದ ಹೊರಬಂದ ಕರೆಂಟ್ ಇನ್ನೊಂದಕ್ಕೆ ಹೋಗುತ್ತದೆ, ತಲಾ ಸುಮಾರು 6 ವೋಲ್ಟ್ ಸಿಗುತ್ತದೆ. ಹೈ ಸ್ಪೀಡಿನಲ್ಲಿ ರಿಲೇಗಳು ಅವನ್ನು ಬೇರೆ ಮಾಡಿ ಪ್ರತಿಯೊಂದಕ್ಕೂ ಪೂರ್ತಿ 12 ಕೊಡುತ್ತವೆ. ಒಂದು ಮೋಟಾರ್ ಒಳಗೆ ಸಂಪರ್ಕ ಕಡಿದಿದ್ದರೆ ಸೀರೀಸ್‌ನಲ್ಲಿ ಎರಡೂ ನಿಲ್ಲುತ್ತವೆ, ಹೈ ಸ್ಪೀಡಿನಲ್ಲಿ ಒಳ್ಳೆಯದು ಮಾತ್ರ ಓಡುತ್ತದೆ. ನೀವು ಹೇಳಿದ್ದು ಅದೇ ತಾನೆ? ಜೋರಾಗಿ ತಿರುಗುವಾಗ ಯಾವುದು ನಿಂತಿರುತ್ತದೋ ಅದರ ಕನೆಕ್ಟರ್ ಬಿಚ್ಚಿ ಮೋಟಾರಿನ ಎರಡು ಪಿನ್ ಮಧ್ಯೆ ಓಮ್ ಅಳೆಯಿರಿ. ಒಳ್ಳೆಯ ಮೋಟಾರ್ ಒಂದೆರಡು ಓಮ್ ಒಳಗೇ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಬ್ರಷ್ ಮುಗಿದಿದೆ.

ಬೇಸಿಗೆ ಕಾರು

ಹೊಸ ಕಾರುಗಳಲ್ಲಿ ಬರುವ, ಸ್ಪೀಡ್ ಮೆಲ್ಲಮೆಲ್ಲಗೆ ಏರಿಳಿಯುವ ಫ್ಯಾನ್‌ಗೂ ಬ್ಯಾಟರಿಯಿಂದ ನೇರ ಕೊಡಬಹುದಾ?

ವೈರಿಂಗ್ ಮರುಳ

ಬೇಡ. ಅವುಗಳಲ್ಲಿ ಫ್ಯಾನ್ ಜೊತೆಗೇ ಒಂದು ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಎರಡು ದಪ್ಪ ವೈರ್ ಪವರ್‌ಗೆ, ಒಂದು ತೆಳ್ಳನೆಯದು ಇಸಿಯುನ ಪಿಡಬ್ಲ್ಯೂಎಂ ಸಿಗ್ನಲ್‌ಗೆ (ಎಷ್ಟು ಸ್ಪೀಡ್ ಬೇಕು ಅಂತ ಹೇಳುವ ಆನ್-ಆಫ್ ಮಿಡಿತ). ತೆಳ್ಳನೆಯ ವೈರಿಗೆ 12 ವೋಲ್ಟ್ ಕೊಟ್ಟರೆ ಮಾಡ್ಯೂಲ್ ಸತ್ತರೂ ಸತ್ತೀತು. ಸ್ಕ್ಯಾನರ್‌ನಲ್ಲಿ ಆಕ್ಟಿವೇಶನ್ ಟೆಸ್ಟ್ ಇದ್ದರೆ ಅದರಿಂದಲೇ ಓಡಿಸಿ ನೋಡಿ. ಇಲ್ಲದಿದ್ದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಇಗ್ನಿಶನ್ ಆನ್ ಮಾಡಿ. ಬಿಸಿ ಎಷ್ಟಿದೆ ಅಂತ ಗೊತ್ತಾಗದಿದ್ದಾಗ ತುಂಬ ಕಾರುಗಳ ಇಸಿಯು ಜಾಗ್ರತೆಗೆ ಫ್ಯಾನನ್ನು ಪೂರ್ತಿ ಸ್ಪೀಡಿನಲ್ಲಿ ಓಡಿಸುತ್ತದೆ. ಎಲ್ಲ ಕಾರುಗಳಲ್ಲೂ ಹೀಗಿಲ್ಲ, ಆದ್ದರಿಂದ ಓಡಿದರೆ ಸಾಕ್ಷಿ, ಓಡದಿದ್ದರೆ ಸಾಕ್ಷಿ ಅಲ್ಲ. ಸೆನ್ಸರ್ ಬಿಚ್ಚಿದ್ದಕ್ಕೆ ಪಿ0118 ಕೋಡ್ ಕೂರುತ್ತದೆ, ಆಮೇಲೆ ಅಳಿಸಿ.

ಸ್ಪ್ಯಾನರ್ ಹತ್ತು

ಅಂದಹಾಗೆ ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ತುಂಬ ಕಾರುಗಳಲ್ಲಿ 80 ಇದ್ದರೂ 100 ಇದ್ದರೂ ಮುಳ್ಳು ನಡುವೆಯೇ ಕೂರುವ ಹಾಗೆ ಮಾಡಿರುತ್ತಾರೆ, ಗಿರಾಕಿ ಗಾಬರಿ ಆಗಬಾರದು ಅಂತ. ಮುಳ್ಳು ಅರ್ಧ ದಾಟಿತು ಅಂದರೆ ಆಗಲೇ ತಡವಾಗಿದೆ. ಓಬಿಡಿ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಿ. ಸಾಮಾನ್ಯವಾಗಿ ಥರ್ಮೋಸ್ಟಾಟ್ 82 ರಿಂದ 90ರ ಒಳಗೆ ತೆರೆಯುತ್ತದೆ, ಫ್ಯಾನ್ 95ರ ಆಸುಪಾಸಿನಿಂದ 105ರ ಒಳಗೆ ಶುರುವಾಗುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಸಂಜೆ ಸವಾರಿ

ಹೌದು, ಒಂದೇ ರಿಲೇ, ಎರಡೇ ವೈರ್. ಮರುಳ ಸರ್ ಹೇಳಿದ ಹಾಗೆ 30 ಮತ್ತು 87 ಸೇರಿಸಿ ಅಳೆದೆ.

ಬ್ಯಾಟರಿಯಲ್ಲಿ 12.3. ಮೋಟಾರಿನ ಎರಡು ವೈರ್ ಮಧ್ಯೆ 3.0. ಅರ್ಥ್ ಕಡೆ 0.1. ಪ್ಲಸ್ ಕಡೆ 9.2!

ರೆಕ್ಕೆ ಒಮ್ಮೆ ನಡುಗಿ, ಒಂದು ಸುತ್ತು ಬರುವಷ್ಟರಲ್ಲಿ ನಿಂತಿತು.

ವೈರಿಂಗ್ ಮರುಳ

ಸಿಕ್ಕಿತು. 9.2, 3.0, 0.1 ಕೂಡಿದರೆ ಸರಿಯಾಗಿ 12.3. ಲೆಕ್ಕ ಮುಟ್ಟುತ್ತದೆ, ಅಂದರೆ ಅಳತೆಯೂ ಸರಿ ಇದೆ. ಬ್ಯಾಟರಿ ಪ್ಲಸ್‌ನಿಂದ ಮೋಟಾರ್ ತನಕದ ದಾರಿಯಲ್ಲಿ ಎಲ್ಲೋ ಒಂದು ಕಡೆ 9 ವೋಲ್ಟ್ ಬಿಸಿಯಾಗಿ ಹೋಗುತ್ತಿದೆ. ಆ ಜಾಗ ಕೈಗೂ ಬೆಚ್ಚಗೆ ಸಿಗಬೇಕು, ಸುಟ್ಟುಕೊಳ್ಳಬೇಡಿ. ಬ್ಯಾಟರಿ ಪ್ಲಸ್‌ನಲ್ಲಿ ಕೆಂಪು ಪ್ರೋಬ್ ಹಾಗೇ ಇಟ್ಟು, ಕಪ್ಪು ಪ್ರೋಬನ್ನು ಒಂದೊಂದೇ ಹೆಜ್ಜೆ ಮುಂದೆ ತನ್ನಿ. ಫ್ಯೂಸಿನ ಈ ಬದಿ, ಆ ಬದಿ, ಸಾಕೆಟ್ 30, ಸಾಕೆಟ್ 87, ಕನೆಕ್ಟರ್. ಎಲ್ಲಿ ಅಂಕಿ ಎಗರುತ್ತದೋ ಅದರ ಹಿಂದಿನ ತುಂಡೇ ಕಳ್ಳ. ಮೋಟಾರನ್ನು ಹೀಗೆ ಜಾಸ್ತಿ ಹೊತ್ತು ಬಿಡಬೇಡಿ, ಅಳೆದ ಕೂಡಲೇ 30, 87 ಸೇರಿಸಿದ ವೈರ್ ತೆಗೆಯಿರಿ.

ಹಳೇ ಗಾಡಿ

ಸ್ವಲ್ಪ ದಾರಿ ತಪ್ಪುತ್ತೇನೆ. ಹಳೆಯ ಕಾರುಗಳಲ್ಲಿ ಈ ತಲೆನೋವೇ ಇರಲಿಲ್ಲ. ಎಂಜಿನ್ ಉದ್ದಕ್ಕೆ ಕೂತಿರುತ್ತಿತ್ತು, ಮುಂದಿನ ಬೆಲ್ಟೇ ಫ್ಯಾನ್ ತಿರುಗಿಸುತ್ತಿತ್ತು. ಎಂಜಿನ್ ಅಡ್ಡಕ್ಕೆ ಬಂದ ಮೇಲೆ ಬೆಲ್ಟಿನ ಮುಖ ಪಕ್ಕಕ್ಕೆ ತಿರುಗಿತು. 1959ರ ಮಿನಿಯಲ್ಲಿ ಅದಕ್ಕಾಗಿ ರೇಡಿಯೇಟರನ್ನೇ ಎಂಜಿನ್ ಪಕ್ಕಕ್ಕೆ ಒಯ್ದು ಕೂರಿಸಿದರು. ಆಮೇಲಿನವರು ರೇಡಿಯೇಟರ್ ಮುಂದೆಯೇ ಇಟ್ಟು ಫ್ಯಾನಿಗೆ ಮೋಟಾರ್ ಕೊಟ್ಟರು. ದೊಡ್ಡ ಪಿಕಪ್, ಎಸ್‌ಯುವಿಗಳಲ್ಲಿ ಬೆಲ್ಟ್ ಫ್ಯಾನ್ ಈಗಲೂ ಇದೆ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಇರುತ್ತದೆ. ಬಿಸಿ ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಆ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಬಿಗಿ ಸಿಗಬೇಕು. ಗಾಳಿಪಟದ ಹಾಗೆ ಹಗುರವಾಗಿ ಸುತ್ತಿದರೆ, ಇಲ್ಲವೇ ಕ್ಲಚ್ ಮೇಲೆ ಎಣ್ಣೆಯ ಜಿಡ್ಡು ಕಂಡರೆ, ಅದು ಮುಗಿದಿದೆ.

ನಿಧಾನ ಚಾಲಕ

ಸ್ವಿಚ್ ತೆಗೆಸುತ್ತೇನೆ ಬಿಡಿ. ಆದರೆ ಮಧ್ಯ ದಾರಿಯಲ್ಲಿ ಫ್ಯಾನ್ ಸತ್ತರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಸ್ಪ್ಯಾನರ್ ಹತ್ತು

ಎಸಿ ಆಫ್. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ, ಕಿಟಕಿ ಇಳಿಸಿ. ಹೀಟರ್ ಕೋರ್ ಕೂಡ ಒಂದು ಚಿಕ್ಕ ರೇಡಿಯೇಟರೇ, ಅದಕ್ಕೆ ಅದರದೇ ಫ್ಯಾನ್ ಇದೆ. ಬೆವರು ಸುರಿಯುತ್ತದೆ, ಎಂಜಿನ್ ಉಳಿಯುತ್ತದೆ. ಆದರೂ ಏರುತ್ತಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಸಂಜೆ ಸವಾರಿ

ಸಿಕ್ಕಿಬಿದ್ದಿದೆ. ಫ್ಯೂಸಿನ ಎರಡೂ ಬದಿ, ಸಾಕೆಟ್ ಪಿನ್ ಎಲ್ಲ ಕಡೆ 0.2 ಒಳಗೇ ಇತ್ತು. ಮೋಟಾರ್ ಕನೆಕ್ಟರ್ ಹತ್ತಿರ ಒಮ್ಮೆಲೇ 9 ದಾಟಿತು. ಹಾರ್ನೆಸ್ (ಕಾರಿನ ವೈರ್ ಗೊಂಚಲು) ಕಡೆಯ ಕನೆಕ್ಟರ್‌ನಿಂದ ಟರ್ಮಿನಲ್ ಹೊರಗೆ ಎಳೆದೆ. ಎದುರಿನಿಂದ ಪಿನ್ ಫಳಫಳ ಹೊಳೆಯುತ್ತಿದೆ. ಹಿಂದೆ, ವೈರನ್ನು ಟರ್ಮಿನಲ್ ಕಚ್ಚಿಕೊಂಡಿರುವ ಜಾಗದಲ್ಲಿ, ತಾಮ್ರ ಪೂರ್ತಿ ಹಸಿರು ಪುಡಿ. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದೆ. ಬೆರಳಲ್ಲಿ ಸ್ವಲ್ಪ ಬಾಗಿಸಿದರೆ ಎಳೆಗಳು ಉದುರುತ್ತವೆ. ಗುಂಡಿಯಲ್ಲಿ ಗಾಡಿ ಕುಲುಕಿದಾಗ ಒಮ್ಮೊಮ್ಮೆ ಸರಿಯಾಗಿ ತಾಗಿ ಫ್ಯಾನ್ ಬರುತ್ತಿತ್ತು ಅಂತ ಕಾಣುತ್ತದೆ.

ಬೇಸಿಗೆ ಕಾರು

ಹಾಗಾದರೆ ಗ್ಯಾರೇಜಿನವರು ಹೇಳಿದ ಹಾಗೆ ಹೊಸ ಅಸೆಂಬ್ಲಿ ಹಾಕಿಸಿದ್ದರೆ?

ಹಳೇ ಗಾಡಿ

ಹೊಸ ಅಸೆಂಬ್ಲಿ ಜೊತೆ ಮೋಟಾರ್ ಕಡೆಯ ಕನೆಕ್ಟರ್ ಮಾತ್ರ ಬರುತ್ತದೆ. ಹಾರ್ನೆಸ್ ಕಡೆಯದು ಕಾರಿನಲ್ಲೇ ಉಳಿಯುತ್ತದೆ. ಹೊಸದು ಸಿಕ್ಕಿಸುವಾಗ ವೈರ್ ಅಲ್ಲಾಡಿ ಕೆಲವು ದಿನ ಫ್ಯಾನ್ ಓಡುತ್ತಿತ್ತು ಕೂಡ. ಆಮೇಲೆ ಮತ್ತೆ ನಿಲ್ಲುತ್ತಿತ್ತು, "ಹೊಸ ಮೋಟಾರ್ ಡಿಫೆಕ್ಟ್" ಅಂತ ಇನ್ನೊಂದು ಜಗಳ ಶುರುವಾಗುತ್ತಿತ್ತು.

ವೈರಿಂಗ್ ಮರುಳ

ಆದರೂ ಮೋಟಾರಿಗೆ ಈಗಲೇ ಕ್ಲೀನ್ ಚಿಟ್ ಕೊಡುವುದಿಲ್ಲ ನಾನು. ಕನೆಕ್ಟರ್ ಸುಡಲು ಕಾರಣ ಎರಡು. ನೀರು ಸೇರಿ ತುಕ್ಕು ಹಿಡಿದಿರಬಹುದು, ಇಲ್ಲವೇ ಹಳೆಯ ಮೋಟಾರ್ ಬೇರಿಂಗ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆದು ಕಾಯಿಸಿರಬಹುದು. ಹಸಿರು ಪುಡಿ ನೋಡಿದರೆ ಮೊದಲನೆಯದು ಅನಿಸುತ್ತದೆ, ಆದರೆ ಅನಿಸಿಕೆ ಬೇಡ, ಅಳೆಯೋಣ. ಹೊಸ ಟರ್ಮಿನಲ್ ಹಾಕಿದ ಮೇಲೆ ಡಿಸಿ ಕ್ಲ್ಯಾಂಪ್ ಮೀಟರ್ (ವೈರನ್ನು ಕತ್ತರಿಸದೆ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವುದು) ಸಿಕ್ಕರೆ ಪ್ಲಸ್ ವೈರಿಗೆ ಹಾಕಿ ಕೆಲವು ನಿಮಿಷ ಓಡಿಸಿ. ಶುರುವಿನಲ್ಲಿ ಎಗರಿ ಕೆಳಗೆ ಬಂದು ಒಂದು ಅಂಕಿಯಲ್ಲಿ ನಿಲ್ಲಬೇಕು. ನಿಲ್ಲದೆ ಮೆಲ್ಲಗೆ ಏರುತ್ತಾ ಹೋದರೆ ಮೋಟಾರೂ ದಾರಿ ಹಿಡಿದಿದೆ. ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್‌ನಲ್ಲಿ ಮಾತ್ರ ಅಳೆಯಬೇಡಿ, ಅದರ ಫ್ಯೂಸ್ ಹಾರಿಹೋಗುತ್ತದೆ.

ವೈರ್ ಬಗ್ಗೆ: ಹಸಿರು ಬಣ್ಣ ಒಳಗೆ ಎಷ್ಟು ದೂರ ಹೋಗಿದೆಯೋ ಅಷ್ಟೂ ಕತ್ತರಿಸಿ, ತಾಮ್ರ ಕೆಂಪಗೆ ಹೊಳೆಯುವ ತನಕ. ಮೊದಲಿದ್ದಷ್ಟೇ ದಪ್ಪದ ವೈರ್ ಜೋಡಿಸಿ, ಸರಿಯಾದ ಕ್ರಿಂಪಿಂಗ್ ಪ್ಲೈಯರ್‌ನಲ್ಲಿ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಬಿಗಿದುಕೊಳ್ಳುವ ಕೊಳವೆ) ತೊಡಿಸಿ. ಬರೀ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಇದೇ ಥ್ರೆಡ್ ಮತ್ತೆ ಎಬ್ಬಿಸಬೇಕಾಗುತ್ತದೆ. ಕನೆಕ್ಟರಿನ ಹಿಂಬದಿಯ ರಬ್ಬರ್ ಸೀಲ್ ಹರಿದಿದೆಯಾ ನೋಡಿ, ನೀರು ನುಗ್ಗಿದ್ದು ಅಲ್ಲಿಂದಲೇ ಇರಬೇಕು.

ಎರಡು ರೆಕ್ಕೆ

ನನ್ನ ಕಡೆಯ ವರದಿ. ಜೋರಾಗಿ ತಿರುಗುವ ಫ್ಯಾನ್ ಮೋಟಾರ್ 0.6 ಓಮ್ ತೋರಿಸಿತು. ಇನ್ನೊಂದು ಏನೂ ತೋರಿಸಲಿಲ್ಲ. ರೆಕ್ಕೆಯನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಅಳೆದರೂ ಹಾಗೇ. ಆ ಬದಿಯ ಮೋಟಾರ್ ಮಾತ್ರ ತರಿಸುತ್ತಿದ್ದೇನೆ. ಇನ್ನೊಂದನ್ನು ಮುಟ್ಟುವುದಿಲ್ಲ.

ಸಂಜೆ ಸವಾರಿ

ಟರ್ಮಿನಲ್, ಸೀಲ್ ಎರಡೂ ಹೊಸದು ಹಾಕಿದೆ. ಹಳೆಯ ಸೀಲ್ ಒಂದು ಬದಿ ಸೀಳಿತ್ತು. ಈಗ ಲೋಡ್‌ನಲ್ಲಿ ಪ್ಲಸ್ ಕಡೆ 0.3, ಮೋಟಾರಿನಲ್ಲಿ 11.7. ಗೆಳೆಯನ ಕ್ಲ್ಯಾಂಪ್ ಮೀಟರ್ ತಂದು ನೋಡಿದೆ, ಶುರುವಿನಲ್ಲಿ ಎಗರಿ 12 ಆಂಪಿಯರ್‌ಗೆ ಬಂದು ನಿಂತಿತು, ಏರಲಿಲ್ಲ. ಎಸಿ ಆಫ್ ಮಾಡಿ ಐಡಲ್‌ನಲ್ಲಿ ಬಿಟ್ಟು ಲೈವ್ ಡೇಟಾ ನೋಡಿದರೆ 97ಕ್ಕೆ ಫ್ಯಾನ್ ಬರುತ್ತದೆ, 92ಕ್ಕೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಎಸಿ ಹಾಕಿದರೆ ಕೂಡಲೇ ಬರುತ್ತದೆ.

ಹಳೆಯ ಮೋಟಾರೇ ಓಡುತ್ತಿದೆ.

ವೈರಿಂಗ್ ಮರುಳ

ಚೆನ್ನಾಗಿದೆ. ಹಾರ್ನ್ ರಿಲೇ ವಾಪಸ್ ಅದರ ಜಾಗಕ್ಕೆ ಹಾಕಿದಿರಾ?

ಸಂಜೆ ಸವಾರಿ

ಹಾಕಿದೆ ಸರ್. ಹಾರ್ನ್ ಹೊಡೆದೂ ನೋಡಿದೆ.